ಧ್ವನಿಪೆಟ್ಟಿಗೆ ತೆಗೆದ ಮೇಲೆ ಬೇಕಾಗುವ ಸಾಧನಗಳು: ವಾಯ್ಸ್ ಪ್ರಾಸ್ಥೆಸಿಸ್, ಎಚ್‌ಎಂಇ, ಎಲೆಕ್ಟ್ರೋಲ್ಯಾರಿಂಕ್ಸ್ ವಿಮರ್ಶೆ

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕ್ಯಾನ್ಸರ್‌ನಿಂದಾಗಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಸಿಕೊಂಡವರಿಗಾಗಿ ಇರುವ ಸಾಧನಗಳಲ್ಲಿ ಹೆಸರು ಮಾಡಿರುವುದು ವಾಯ್ಸ್ ಪ್ರಾಸ್ಥೆಸಿಸ್ ಎಂಬ ಸಿಲಿಕೋನ್ ವಾಲ್ವ್. ಚೆನ್ನಾಗಿ ಹೊಂದಿಕೊಂಡರೆ ಅದು ಕೊಡುವ ದನಿಗೆ ಬೇರೆ ಯಾವುದೂ ಸಾಟಿಯಿಲ್ಲ. ಆದರೆ ಹಗಲೂ ರಾತ್ರಿ ಉಸಿರಾಟವನ್ನು ಹಗುರ ಮಾಡುವುದು ಕತ್ತಿನ ರಂಧ್ರದ ಮೇಲೆ ಕೂರುವ ಎಚ್‌ಎಂಇ ಎಂಬ ಸ್ಪಂಜಿನ ಫಿಲ್ಟರ್. ಖರ್ಚು ಕಡಿಮೆ ಮಾಡಬೇಕೆಂದಾಗ ಮನೆಯವರು ಮೊದಲು ಕೈಬಿಡುವುದೂ ಅದನ್ನೇ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನಮ್ಮ ವಾದ. ವಾಲ್ವ್ ಕೊಳ್ಳುವಾಗ ಎಚ್‌ಎಂಇ, ವಾಲ್ವ್ ಶುಚಿ ಮಾಡುವ ಬ್ರಷ್, ಕೆಟ್ಟಾಗ ಬದಲಾಯಿಸಿಕೊಡುವ ಕೈ ಈ ಮೂರೂ ಲೆಕ್ಕದಲ್ಲಿ ಸೇರದಿದ್ದರೆ ಆ ಖರೀದಿ ಅರ್ಧಂಬರ್ಧ.

ಯಾರಿಗೆ ಬೇಕು, ಯಾರಿಗೆ ಬೇಡ

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1.9 ಲಕ್ಷ ಜನರಲ್ಲಿ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗುತ್ತದೆ. ಸುಮಾರು 1 ಲಕ್ಷ ಜನ ಸಾಯುತ್ತಾರೆ. ಗಂಡಸರೇ ಬಹುಪಾಲು. ಮುಖ್ಯ ಕಾರಣ ತಂಬಾಕು, ಅದರ ಜೊತೆಗೆ ಮದ್ಯ. ಎರಡೂ ಸೇರಿದಾಗ ಅಪಾಯ ಬರೀ ಕೂಡಿಕೊಳ್ಳುವುದಿಲ್ಲ, ಗುಣಿಸಿದಂತೆ ಏರುತ್ತದೆ. ಹಾಗಾಗಿ ಒಂದು ಪ್ರದೇಶದಲ್ಲಿ ಈ ಕಾಯಿಲೆ ಎಷ್ಟಿದೆ ಎಂಬುದು ಅಲ್ಲಿನ ಜನ ಎರಡು ಮೂರು ದಶಕಗಳ ಹಿಂದೆ ಎಷ್ಟು ಸೇದುತ್ತಿದ್ದರು ಎಂಬುದನ್ನು ಹೇಳುತ್ತದೆ.

ಈ ಸಾಧನಗಳು ಎಲ್ಲ ರೋಗಿಗಳಿಗೂ ಬೇಕಾಗುವುದಿಲ್ಲ. ಗೆಡ್ಡೆ ಸ್ವರತಂತುವಿನ ಮೇಲೇ ಹುಟ್ಟಿದರೆ ದನಿ ಬೇಗ ಕೆಡುತ್ತದೆ, ರೋಗಿ ಬೇಗ ಬರುತ್ತಾನೆ. ಅಷ್ಟರಲ್ಲಿ ಹಿಡಿದರೆ ರೇಡಿಯೇಷನ್ ಅಥವಾ ಲೇಸರ್, ಎರಡರಲ್ಲಿ ಒಂದೇ ಸಾಕು. ಹತ್ತರಲ್ಲಿ ಸುಮಾರು ಒಂಬತ್ತು ಜನರಲ್ಲಿ ಕಾಯಿಲೆ ಹತೋಟಿಗೆ ಬರುತ್ತದೆ, ಧ್ವನಿಪೆಟ್ಟಿಗೆಯೂ ಉಳಿಯುತ್ತದೆ. ಸ್ವರತಂತುವಿಗಿಂತ ಮೇಲೆ ಹುಟ್ಟಿದ ಗೆಡ್ಡೆ ಕಳ್ಳ. ದನಿ ಸರಿಯಿರುವಾಗಲೇ ಕತ್ತಿನ ಗ್ರಂಥಿಗಳಿಗೆ ಹರಡಿರುತ್ತದೆ. ಕಿವಿನೋವು, ನುಂಗುವಾಗ ಏನೋ ಸಿಕ್ಕಿಕೊಂಡಂತೆ ಅನಿಸುವುದು ಇಷ್ಟೇ ಸೂಚನೆ. ಮೂರು ವಾರ ದಾಟಿದ ಗೊಗ್ಗರು ದನಿಯನ್ನು ಇಎನ್‌ಟಿ ವೈದ್ಯರು ಕ್ಯಾಮೆರಾ ಹಾಕಿ ನೋಡಲೇಬೇಕು. ಇದನ್ನು ನೆಗಡಿಯ ಮೇಲೆ ಹಾಕಿ ಆರು ತಿಂಗಳು ತಳ್ಳುವುದು ಬಹಳ ಸಾಮಾನ್ಯ.

ಮುಂದುವರಿದ ಕಾಯಿಲೆಗೂ ಒಂದು ಕಾಲದಲ್ಲಿ ಶಸ್ತ್ರಚಿಕಿತ್ಸೆಯೊಂದೇ ದಾರಿಯಾಗಿತ್ತು. 1991ರಲ್ಲಿ ಅಮೆರಿಕದ ಮಾಜಿ ಯೋಧರ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ, ಮೊದಲು ಕೀಮೋ ಕೊಟ್ಟು ಆಮೇಲೆ ರೇಡಿಯೇಷನ್ ಕೊಟ್ಟರೆ ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳ ಧ್ವನಿಪೆಟ್ಟಿಗೆ ಉಳಿಯುತ್ತದೆ, ಬದುಕುಳಿಯುವಿಕೆಯೂ ಕುಗ್ಗುವುದಿಲ್ಲ ಎಂದು ತೋರಿಸಿತು. 2003ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ರೇಡಿಯೇಷನ್ ಜೊತೆಜೊತೆಗೇ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಕೊಟ್ಟಾಗ ಎರಡು ವರ್ಷದ ಹೊತ್ತಿಗೆ ಧ್ವನಿಪೆಟ್ಟಿಗೆ ಉಳಿದವರ ಪ್ರಮಾಣ 88 ಶೇಕಡಾ. ಇಷ್ಟಾದರೂ ಗೆಡ್ಡೆ ಮೃದ್ವಸ್ಥಿಯನ್ನು ಕೊರೆದು ಹೊರಬಂದಿದ್ದರೆ, ರೇಡಿಯೇಷನ್ ಆದ ಮೇಲೂ ಕಾಯಿಲೆ ಮರಳಿದರೆ, ಅಥವಾ ಉಳಿಸಿಕೊಂಡ ಧ್ವನಿಪೆಟ್ಟಿಗೆ ನೀರು, ಅನ್ನವನ್ನೆಲ್ಲ ಶ್ವಾಸಕೋಶಕ್ಕೆ ಬಿಡುತ್ತಿದ್ದರೆ ಪೂರ್ತಿ ತೆಗೆಯುವುದೇ ಸರಿ. ರೋಗಿಗಳು ತಡವಾಗಿ ಬರುವ ಪ್ರದೇಶಗಳಲ್ಲಿ ಈ ಶಸ್ತ್ರಚಿಕಿತ್ಸೆ ಹೆಚ್ಚು, ಹಾಗಾಗಿ ಈ ಸಾಧನಗಳ ಅಗತ್ಯವೂ ಹೆಚ್ಚು. ಅಂಥ ಕಡೆಗಳಲ್ಲೇ ವಾಲ್ವ್ ಬದಲಾಯಿಸುವವರು ಕಡಿಮೆ ಇರುತ್ತಾರೆ ಎಂಬುದು ಈ ವ್ಯವಹಾರದ ದೊಡ್ಡ ತೊಡಕು.

ಧ್ವನಿಪೆಟ್ಟಿಗೆ ತೆಗೆದಾಗ ಶ್ವಾಸನಾಳದ ತುದಿಯನ್ನು ಕತ್ತಿನ ಮುಂಭಾಗಕ್ಕೆ ತಂದು ಚರ್ಮಕ್ಕೆ ಹೊಲಿಯುತ್ತಾರೆ. ಆ ರಂಧ್ರವೇ ಸ್ಟೋಮಾ. ಅಲ್ಲಿಂದಾಚೆಗೆ ಉಸಿರಿಗೂ ಮೂಗು ಬಾಯಿಗೂ ಸಂಬಂಧ ಕಡಿದುಹೋಗುತ್ತದೆ. ಬಾಯಿಯಿಂದ ಹೊಟ್ಟೆಗೆ ಹೋಗುವ ದಾರಿ ಮಾತ್ರ ಹಾಗೇ ಇರುತ್ತದೆ. ಮುಂದಿನ ಎಲ್ಲ ಸಾಧನಗಳೂ ಈ ಹೊಸ ಜೋಡಣೆಯ ಕೊರತೆಗಳನ್ನು ತುಂಬಲು ಬಂದವು.

ವಾಲ್ವ್: ಕೆಲಸ ಮಾಡುವ ಬಗೆ

ಶ್ವಾಸನಾಳದ ಹಿಂಗೋಡೆಗೂ ಅನ್ನನಾಳದ ಮುಂಗೋಡೆಗೂ ನಡುವೆ ಒಂದು ತೂತು ಮಾಡಿ ಅದರಲ್ಲಿ ಸಿಲಿಕೋನ್ ಕೊಳವೆ ಕೂರಿಸುತ್ತಾರೆ. ಎರಡೂ ತುದಿಗೆ ಅಗಲವಾದ ಅಂಚು, ಒಳಗೆ ಒಂದೇ ದಿಕ್ಕಿಗೆ ತೆರೆಯುವ ಮುಚ್ಚಳ. ಉಸಿರೆಳೆದುಕೊಂಡು ಸ್ಟೋಮಾವನ್ನು ಬೆರಳಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಮುಚ್ಚಳ ತೆರೆದು ಅನ್ನನಾಳಕ್ಕೆ ನುಗ್ಗುತ್ತದೆ, ಅದರ ಮೇಲ್ಭಾಗದ ಗೋಡೆ ಕಂಪಿಸುತ್ತದೆ, ಬಾಯಿ ಆ ಕಂಪನವನ್ನು ಮಾತಾಗಿಸುತ್ತದೆ. ನುಂಗುವಾಗ ಮುಚ್ಚಳ ಮುಚ್ಚಿಕೊಂಡು ನೀರನ್ನು ತಡೆಯುತ್ತದೆ. ಅಂದರೆ ದನಿ ಹುಟ್ಟುವುದು ವಾಲ್ವಿನಿಂದಲ್ಲ, ಅನ್ನನಾಳದಿಂದ. ಇದು ಗೊತ್ತಿಲ್ಲದೆ ದನಿ ಒರಟಾಗಿದೆ ಎಂದು ವಾಲ್ವ್ ಬದಲಾಯಿಸುತ್ತಲೇ ಹೋಗುವವರಿದ್ದಾರೆ.

ಈ ವಿಧಾನವನ್ನು 1980ರಲ್ಲಿ ಪ್ರಕಟಿಸಿದವರು ಅಮೆರಿಕದ ಮಾರ್ಕ್ ಸಿಂಗರ್ ಮತ್ತು ಎರಿಕ್ ಬ್ಲಾಂ; ಬ್ಲಾಂ–ಸಿಂಗರ್ ವಾಲ್ವ್ ಅವರ ಹೆಸರಿನದೇ. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಪ್ರೊವಾಕ್ಸ್ 1990ರಿಂದ ಬಳಕೆಯಲ್ಲಿದೆ. ಕಡಿಮೆ ಖರ್ಚಿನಲ್ಲಿ ಸಿಗಲಿ ಎಂದು ಬೆಂಗಳೂರಿನ ಶಸ್ತ್ರಚಿಕಿತ್ಸಕ ವಿಶಾಲ್ ರಾವ್ ರೂಪಿಸಿದ ಔಂ ವಾಲ್ವ್ ಕೂಡ ಇದೇ ತತ್ವದ್ದು. ಬ್ರ್ಯಾಂಡ್ ಯಾವುದಾದರೂ ಇರಲಿ, ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಒಂದೇ: ನನ್ನ ಅಳತೆ ಸದಾ ದಾಸ್ತಾನಿನಲ್ಲಿರುತ್ತದೆಯೇ? ಅದಕ್ಕೆ ಹೊಂದುವ ಬ್ರಷ್ ಸಿಗುತ್ತದೆಯೇ? ಸೋರಿದ ದಿನ ಬದಲಾಯಿಸಿಕೊಡುವವರು ಯಾರು?

ಎರಡು ಜಾತಿಗಳಿವೆ. ಒಳಗೇ ಉಳಿಯುವ ವಾಲ್ವನ್ನು ವೈದ್ಯರೋ ತರಬೇತಾದ ಸ್ಪೀಚ್ ಥೆರಪಿಸ್ಟೋ ಬದಲಾಯಿಸುತ್ತಾರೆ. ಇನ್ನೊಂದನ್ನು ರೋಗಿಯೇ ತೆಗೆದು ತೊಳೆದು ಹಾಕಿಕೊಳ್ಳಬಹುದು. ಅದಕ್ಕೆ ಕತ್ತಿನ ಚರ್ಮಕ್ಕೆ ಅಂಟಿಸುವ ಪಟ್ಟಿಯೊಂದು ಇರುತ್ತದೆ. ಎರಡನೆಯದಕ್ಕೆ ಕಣ್ಣು ಚುರುಕಿರಬೇಕು, ಕೈ ನಡುಗಬಾರದು, ಸ್ಟೋಮಾ ಸಾಕಷ್ಟು ಅಗಲವಿರಬೇಕು. ಆಸ್ಪತ್ರೆ ದೂರವಿರುವವರಿಗೆ ಇದೇ ಅನುಕೂಲ ಅನಿಸಬಹುದು, ಆದರೆ ಆಯುಸ್ಸು ಕಡಿಮೆ. ಕೈ ನಡುಗುವವರಿಗೆ ನಾವು ಇದನ್ನು ಖಂಡಿತ ಹೇಳುವುದಿಲ್ಲ. ವಾಲ್ವ್ ಶ್ವಾಸನಾಳಕ್ಕೆ ಜಾರಿದರೆ ಅಲ್ಲಿಂದ ತೆಗೆಯಲು ಶ್ವಾಸನಾಳದೊಳಗೆ ಕ್ಯಾಮೆರಾ ಕೊಳವೆ ಇಳಿಸುವ ಬ್ರಾಂಕೋಸ್ಕೋಪಿಯೇ ಬೇಕು.

ಅಳತೆಯೇ ಅರ್ಧ ಕೆಲಸ

ವಾಲ್ವಿಗೆ ಎರಡು ಅಳತೆ: ದಪ್ಪ ಮತ್ತು ಉದ್ದ. ದಪ್ಪವನ್ನು ಫ್ರೆಂಚ್ ಲೆಕ್ಕದಲ್ಲಿ ಹೇಳುತ್ತಾರೆ. 3 ಫ್ರೆಂಚ್ ಅಂದರೆ 1 ಮಿ.ಮೀ. ಪ್ರೊವಾಕ್ಸ್ ವೇಗಾ 17, 20, 22.5 ಫ್ರೆಂಚ್‌ಗಳಲ್ಲಿ ಬರುತ್ತದೆ, ಅಂದರೆ ದೊಡ್ಡದು 7.5 ಮಿ.ಮೀ. ದಪ್ಪಗಿದ್ದಷ್ಟೂ ಗಾಳಿ ಸಲೀಸಾಗಿ ಹೋಗುತ್ತದೆ, ಮಾತಿಗೆ ಶ್ರಮ ಕಡಿಮೆ. ತೂತು ಮಾತ್ರ ಅಷ್ಟೇ ದೊಡ್ಡದಾಗಿರಬೇಕು, ಅದೇ ಅದರ ದೋಷ. ರೇಡಿಯೇಷನ್ ಆಗಿ ಅಂಗಾಂಶ ಬಡವಾಗಿರುವವರಲ್ಲಿ ಸಣ್ಣದರಿಂದ ಶುರುಮಾಡುವುದು ಜಾಣತನ.

ಉದ್ದ 4 ಮಿ.ಮೀ.ನಿಂದ 15ರವರೆಗೆ ಸಿಗುತ್ತದೆ. ಹೆಚ್ಚು ತಪ್ಪಾಗುವುದು ಇಲ್ಲೇ. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಗೋಡೆ ಊದಿಕೊಂಡಿರುವುದರಿಂದ ಉದ್ದದ್ದನ್ನೇ ಹಾಕುತ್ತಾರೆ. ಕೆಲವು ವಾರಗಳಲ್ಲಿ ಊತ ಇಳಿಯುತ್ತದೆ, ಅದೇ ವಾಲ್ವ್ ಸಡಿಲವಾಗಿ ನುಂಗಿದಾಗಲೆಲ್ಲ ಹಿಂದೆಮುಂದೆ ಆಡತೊಡಗುತ್ತದೆ. ಆಡಿದಷ್ಟೂ ತೂತು ಹಿಗ್ಗುತ್ತದೆ, ಸುತ್ತಲಿಂದ ನೀರು ಸೋರುತ್ತದೆ. ಆಗ ಗಿಡ್ಡದನ್ನು ಹಾಕಬೇಕು. ಬದಲಾಯಿಸುವ ಪ್ರತಿ ಸಲವೂ ಅಳತೆಕಡ್ಡಿ ಹಾಕಿ ಅಳೆಯಿರಿ ಎಂದು ಕೇಳುವ ಹಕ್ಕು ರೋಗಿಗಿದೆ. ಹಳೆಯ ಚೀಟಿ ನೋಡಿ ಅದೇ ಅಳತೆ ಕೊಡುವುದು ಸೋಮಾರಿತನ. ಅತಿ ಗಿಡ್ಡವಾದರೂ ಕಷ್ಟವೇ. ಅಂಚು ಅಂಗಾಂಶವನ್ನು ಒತ್ತುತ್ತದೆ, ಸುತ್ತ ಮಾಂಸ ಬೆಳೆದು ವಾಲ್ವನ್ನೇ ನುಂಗಿಬಿಡುತ್ತದೆ. ಸರಿಯಾಗಿ ಕೂತಿದ್ದರೆ ವಾಲ್ವನ್ನು ಹಿಡಿದು ತಿರುಗಿಸಿದಾಗ ಅಡ್ಡಿಯಿಲ್ಲದೆ ತಿರುಗಬೇಕು, ಮುಂಭಾಗದ ಅಂಚು ಗೋಡೆಯನ್ನು ಒತ್ತದೆ ತಾಗಿರಬೇಕು.

ಬದಲಾವಣೆ ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ, ಸ್ಟೋಮಾದ ಮುಖಾಂತರವೇ ಆಗುತ್ತದೆ. ಆದ ಮೇಲೆ ಕುಡಿಯಲು ನೀರು ಕೊಟ್ಟು, ಟಾರ್ಚ್ ಬಿಟ್ಟು, ಸೋರುತ್ತಿಲ್ಲವೆಂದು ಕಣ್ಣಾರೆ ನೋಡಿದ ಮೇಲೇ ಎದ್ದುಬರಬೇಕು.

ಎಷ್ಟು ದಿನ ಬಾಳುತ್ತದೆ

ಮೂರರಿಂದ ಆರು ತಿಂಗಳು ಎಂಬ ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ಹೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ 2017ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸಾವಿರಾರು ವಾಲ್ವ್‌ಗಳ ಮಧ್ಯಮ ಆಯುಸ್ಸು ಸುಮಾರು ಎರಡೇ ತಿಂಗಳು. ರೇಡಿಯೇಷನ್, ಕೀಮೋ ಹೆಚ್ಚಾದ ಈ ಕಾಲಕ್ಕೆ ಹಳೆಯ ಭರವಸೆ ಹೊಂದುವುದಿಲ್ಲ. ಕೆಲವರಲ್ಲಿ ವರ್ಷವೂ ಬಾಳುತ್ತದೆ, ಕೆಲವರಲ್ಲಿ ಮೂರೇ ವಾರ. ವರ್ಷಕ್ಕೆ ಎರಡು ವಾಲ್ವ್ ಸಾಕೆಂದು ಲೆಕ್ಕ ಹಾಕಿದವರು ಮೂರನೆಯದಕ್ಕೆ ಪರದಾಡುವುದಕ್ಕಿಂತ ಐದಾರು ಬೇಕಾಗಬಹುದೆಂದು ಮೊದಲೇ ತಿಳಿದಿರುವುದು ಮೇಲು.

ಕೆಡುವುದಕ್ಕೆ ಮುಖ್ಯ ಕಾರಣ ಕ್ಯಾಂಡಿಡಾ ಎಂಬ ಫಂಗಸ್. ಅನ್ನನಾಳದ ಕಡೆಯ ಮುಚ್ಚಳದ ಮೇಲೆ ಅದೂ ಬ್ಯಾಕ್ಟೀರಿಯಾಗಳೂ ಸೇರಿ ಬಿಳಿಹಳದಿ ಪದರ ಕಟ್ಟುತ್ತವೆ, ಸಿಲಿಕೋನನ್ನು ಕೊರೆದು ಒಳಗೇ ಬೆಳೆಯುತ್ತವೆ. ಮುಚ್ಚಳ ಪೂರ್ತಿ ಮುಚ್ಚುವುದಿಲ್ಲ, ಕುಡಿದ ನೀರು ನಡುವಿನಿಂದ ಸೋರಿ ಶ್ವಾಸನಾಳಕ್ಕಿಳಿದು ಕೆಮ್ಮು ಬರುತ್ತದೆ. ರೇಡಿಯೇಷನ್‌ನಿಂದ ಬಾಯಿ ಒಣಗಿದವರು, ಹಲ್ಲಿನ ಸೆಟ್ ಹಾಕಿಕೊಂಡೇ ಮಲಗುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಹುಳಿತೇಗು ಇರುವವರು ಇದಕ್ಕೆ ಬೇಗ ಸಿಕ್ಕಿಬೀಳುತ್ತಾರೆ. ನಿಸ್ಟಾಟಿನ್ ಎಂಬ ಫಂಗಸ್ ಔಷಧಿಯ ದ್ರಾವಣವನ್ನು ವೈದ್ಯರು ಕೊಟ್ಟಿದ್ದರೆ ಬಾಯಲ್ಲಿ ಆಡಿಸಿ ನುಂಗಬೇಕು, ಉಗುಳಿದರೆ ವಾಲ್ವ್‌ವರೆಗೆ ತಲುಪುವುದೇ ಇಲ್ಲ. ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ನೆನೆಹಾಕದೆ ಫಂಗಸ್ ಔಷಧಿ ನುಂಗುವುದು ವ್ಯರ್ಥ.

ಸೋರಿಕೆಯಲ್ಲಿ ಎರಡು ಬಗೆ, ಎರಡಕ್ಕೂ ಬೇರೆಬೇರೆ ಮದ್ದು. ಕನ್ನಡಿ, ಟಾರ್ಚ್ ಹಿಡಿದು ಬಣ್ಣದ ನೀರು ಗುಟುಕರಿಸಿ ನೋಡಿದರೆ ಗೊತ್ತಾಗುತ್ತದೆ. ನಡುವಿನಿಂದ ಬಂದರೆ ಮೊದಲು ಬ್ರಷ್ ಮಾಡಿ ಮತ್ತೆ ಕುಡಿಯಿರಿ. ಎಷ್ಟೋ ಸಲ ಸಿಕ್ಕಿಕೊಂಡ ಆಹಾರದ ತುಣುಕೇ ಕಾರಣ. ನಿಲ್ಲದಿದ್ದರೆ ವಾಲ್ವ್ ಮುಗಿಯಿತು. ಬದಲಾಯಿಸುವವರೆಗೆ ಊಟ, ನೀರಿನ ಹೊತ್ತಿಗೆ ವಾಲ್ವಿನ ಬಾಯಿ ಮುಚ್ಚುವ ಪ್ಲಗ್ ಹಾಕಿಕೊಳ್ಳಬಹುದು (ಪ್ಲಗ್ ಇರುವಾಗ ಮಾತು ಬರುವುದಿಲ್ಲ), ದ್ರವಗಳನ್ನು ಗಟ್ಟಿಮಾಡಿ ಕುಡಿಯಬಹುದು. ಸುತ್ತಲಿಂದ ಸೋರಿದರೆ ಮಾತ್ರ ಹೊಸ ವಾಲ್ವ್ ಹಾಕಿದ ಮಾತ್ರಕ್ಕೆ ಪರಿಹಾರವಿಲ್ಲ. ಉದ್ದ ಹೆಚ್ಚಾಗಿದೆಯೇ, ತೂತು ಹಿಗ್ಗಿದೆಯೇ, ಹುಳಿತೇಗಿಗೆ ಚಿಕಿತ್ಸೆಯಾಗಿದೆಯೇ, ಥೈರಾಯ್ಡ್ ಕುಸಿದಿದೆಯೇ, ಎಲ್ಲಕ್ಕಿಂತ ಮುಖ್ಯವಾಗಿ ಕ್ಯಾನ್ಸರ್ ಅದೇ ಜಾಗದಲ್ಲಿ ಮರಳಿದೆಯೇ ಎಂದು ನೋಡಬೇಕು. ಹಿಗ್ಗಿದ ತೂತಿಗೆ ಅಗಲವಾದ ಅಂಚಿನ ವಾಲ್ವ್, ಸುತ್ತ ಹೊಲಿಗೆ ಮುಂತಾದ ದಾರಿಗಳಿವೆ. ಇನ್ನೂ ದಪ್ಪದ ವಾಲ್ವ್ ತುರುಕಿ ತೂತು ಮುಚ್ಚುತ್ತೇನೆ ಎನ್ನುವುದು ಮಾತ್ರ ತಾತ್ಕಾಲಿಕ ಸಮಾಧಾನ. ತೂತು ಮತ್ತಷ್ಟು ಹಿಗ್ಗುತ್ತದೆ.

ಪದೇಪದೇ ವಾರಗಳಲ್ಲೇ ಕೆಡುವವರಿಗೆ ಆಕ್ಟಿವಾಲ್ವ್ ಎಂಬುದಿದೆ. ಮುಚ್ಚಳ ಫಂಗಸ್ ಹತ್ತದ ಫ್ಲೋರೋಪ್ಲಾಸ್ಟಿಕ್‌ನದು, ಸಣ್ಣ ಅಯಸ್ಕಾಂತಗಳು ಅದನ್ನು ಮುಚ್ಚಿ ಹಿಡಿಯುತ್ತವೆ. ಹಾಗಾಗಿ ಜೋರಾಗಿ ಉಸಿರೆಳೆದಾಗ ತಾನೇ ತೆರೆದುಕೊಳ್ಳುವ ತೊಂದರೆಗೂ ಇದು ಒದಗುತ್ತದೆ. ಮುಚ್ಚಳ ಅಂಟಿಕೊಳ್ಳದಿರಲು ದಿನವೂ ಅದರದೇ ಎಣ್ಣೆ ಹಚ್ಚಬೇಕು. ಮಾತಿಗೆ ಒತ್ತಡ ಕೊಂಚ ಹೆಚ್ಚು ಬೇಕು. ಮೊದಲ ವಾಲ್ವಾಗಿ ಇದನ್ನು ಕೊಳ್ಳಬೇಕಿಲ್ಲ. ಎಂಆರ್‌ಐ ಮಾಡಿಸುವ ಮುನ್ನ ಇದರೊಳಗೆ ಅಯಸ್ಕಾಂತವಿದೆ ಎಂದು ಹೇಳಲೇಬೇಕು.

ಬ್ರಷ್, ಫ್ಲಶ್

ದಿನಕ್ಕೆ ಕನಿಷ್ಠ ಎರಡು ಸಲ, ಜೊತೆಗೆ ಪ್ರತಿ ಊಟವಾದ ಮೇಲೆ. ಕೈ ತೊಳೆದು, ಕನ್ನಡಿಯ ಮುಂದೆ ಒಳ್ಳೆಯ ಬೆಳಕಿನಲ್ಲಿ ಕೂತು, ಮೊದಲು ಕೆಮ್ಮಿ ಕಫ ತೆಗೆಯಬೇಕು. ಬ್ರಷ್ಷನ್ನು ನೀರಲ್ಲಿ ಅದ್ದಿ, ಝಾಡಿಸಿ, ವಾಲ್ವಿನ ಕೊಳವೆಯೊಳಗೆ ಮೆಲ್ಲಗೆ ತೂರಿಸಿ, ತಿರುಗಿಸುತ್ತ ಹಿಂದೆಮುಂದೆ ಆಡಿಸಿ ಹೊರತೆಗೆದು ಒರೆಸಿ ಮತ್ತೆ ಹಾಕಬೇಕು, ಅಂಟು ಬರುವುದು ನಿಲ್ಲುವವರೆಗೆ. ಬ್ರಷ್‌ನ ಅಳತೆ ವಾಲ್ವಿನ ದಪ್ಪ, ಉದ್ದಕ್ಕೆ ಹೊಂದಿರಬೇಕು. ಗಿಡ್ಡ ವಾಲ್ವಿಗೆ ಉದ್ದ ಬ್ರಷ್ ಹಾಕಿದರೆ ಮುಚ್ಚಳಕ್ಕೇ ಪೆಟ್ಟು. ಕೂದಲು ಬಾಗಿದ, ತಂತಿ ಸೊಟ್ಟಗಾದ ಬ್ರಷ್ ಎಸೆಯಿರಿ. ಚೆನ್ನಾಗಿದ್ದರೂ ತಿಂಗಳಿಗೊಂದು ಹೊಸದು. ಹತ್ತಿ ಸುತ್ತಿದ ಕಡ್ಡಿ, ಟೂತ್‌ಪಿಕ್, ಟಿಶ್ಯೂ ಕಾಗದ ಇವೆಲ್ಲ ಒಳಗೇ ನೂಲು ಬಿಟ್ಟು ಬರುತ್ತವೆ, ಬೇಡ.

ಫ್ಲಶ್ ಎಂಬುದು ಸಣ್ಣ ರಬ್ಬರ್ ಬಲ್ಬಿನಂಥದು. ಬ್ರಷ್ ಆದ ಮೇಲೆ ಕುಡಿಯುವ ನೀರನ್ನೋ ಬರೀ ಗಾಳಿಯನ್ನೋ ಅದರಿಂದ ವಾಲ್ವಿನೊಳಗೆ ಹಾಯಿಸಿದರೆ ಬ್ರಷ್ ತಲುಪದ ಅಂಚು ಶುದ್ಧವಾಗುತ್ತದೆ. ತುದಿ ಗಟ್ಟಿಯಾಗಿ ಕೂತಿದೆಯೆಂದು ನೋಡಿಕೊಂಡೇ ಒತ್ತಬೇಕು, ಇಲ್ಲದಿದ್ದರೆ ನೀರು ಶ್ವಾಸನಾಳಕ್ಕೆ. ನೀರು ಬಿಟ್ಟು ಬೇರೆ ಯಾವ ದ್ರಾವಣವೂ ಬೇಡ.

ದನಿಯೇ ಬಾರದಿದ್ದರೆ

ಮೊದಲು ಬೆರಳು ತೆಗೆದು ಮೆಲ್ಲಗೆ ಮುಚ್ಚಿ ನೋಡಿ. ಹೊಸಬರು ಕತ್ತನ್ನು ಬಲವಾಗಿ ಒತ್ತುತ್ತಾರೆ, ಅನ್ನನಾಳವೂ ಒತ್ತಿಕೊಂಡು ಗಾಳಿ ನಿಂತುಹೋಗುತ್ತದೆ. ಎರಡನೆಯ ಕಾರಣ ಕೊಳವೆಯೊಳಗೆ ಒಣಗಿದ ಕಫ. ಮೂರನೆಯದು ಬೇಗ ಹೊಳೆಯುವುದಿಲ್ಲ: ಸ್ಟೋಮಾ ಕುಗ್ಗದಿರಲೆಂದು ಅದರಲ್ಲಿ ಹಾಕಿದ ಸಿಲಿಕೋನ್ ಟ್ಯೂಬಿಗೆ ತೂತುಗಳಿಲ್ಲದಿದ್ದರೆ ಅದು ವಾಲ್ವನ್ನೇ ಮರೆಮಾಡುತ್ತದೆ. ಮಾತಾಡುವವರಿಗೆ ತೂತಿರುವ ಟ್ಯೂಬೇ ಬೇಕು. ಇವೆಲ್ಲ ಸರಿಯಿದ್ದೂ ದನಿ ಹಿಡಿದು ಹಿಡಿದು ಬಂದರೆ ಅನ್ನನಾಳದ ಮೇಲ್ಭಾಗದ ಸ್ನಾಯು ಬಿಗಿದುಕೊಂಡಿರಬಹುದು. ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಬರುಬರುತ್ತ ನುಂಗಲೂ ಕಷ್ಟವಾಗುತ್ತಿದ್ದರೆ ಅನ್ನನಾಳ ಕಿರಿದಾಗಿದೆಯೇ, ಗೆಡ್ಡೆ ಮರಳಿದೆಯೇ ಎಂದು ತಡಮಾಡದೆ ನೋಡಿಸಬೇಕು.

ಎಚ್‌ಎಂಇ: ಕೈಬಿಡಬಾರದ ಸಾಮಾನು

ಶ್ವಾಸಕೋಶ ಬಯಸುವುದು 37 ಡಿಗ್ರಿಯ, ತೇವ ತುಂಬಿದ ಗಾಳಿ. ಲೀಟರಿಗೆ ಸುಮಾರು 44 ಮಿಲಿಗ್ರಾಂ ನೀರಾವಿ. 22 ಡಿಗ್ರಿಯ, ಅರ್ಧ ತೇವದ ಕೋಣೆಯ ಗಾಳಿಯಲ್ಲಿ ಇರುವುದು ಸುಮಾರು 10. ಮೂಗು ಸದ್ದಿಲ್ಲದೆ ತುಂಬುತ್ತಿದ್ದ ಈ ಅಂತರವನ್ನು ಸ್ಟೋಮಾ ತುಂಬಲಾರದು. ಶ್ವಾಸನಾಳವೇ ತನ್ನ ನೀರು ಕಳೆದುಕೊಳ್ಳುತ್ತದೆ, ಅದರ ಸೂಕ್ಷ್ಮ ರೋಮಗಳ ಚಲನೆ ಕುಂದುತ್ತದೆ, ಕಫ ಹೆಚ್ಚಿ ಗಟ್ಟಿಯಾಗುತ್ತದೆ, ಚಳಿಗಾಲದಲ್ಲಿ ರಕ್ತ ಬೆರೆತ ಹಕ್ಕಳೆ ಕಟ್ಟುತ್ತದೆ. ಧ್ವನಿಪೆಟ್ಟಿಗೆ ತೆಗೆಸಿಕೊಂಡವರ ನಿದ್ದೆ ಕೆಡಿಸುವುದು ಬಹುಪಾಲು ಈ ಕಫ, ಮಾತಿನ ಚಿಂತೆಯಲ್ಲ.

ಎಚ್‌ಎಂಇ ಎಂದರೆ ಪ್ಲಾಸ್ಟಿಕ್ ಗೂಡಿನೊಳಗೆ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣದಲ್ಲಿ ನೆನೆಸಿದ ಫೋಮ್. ಹೊರಹೋಗುವ ಉಸಿರಿನ ತೇವ, ಬಿಸಿ ಅದರಲ್ಲಿ ನಿಲ್ಲುತ್ತವೆ. ಒಳಬರುವ ಗಾಳಿ ಅದನ್ನೇ ಹೊತ್ತು ಬರುತ್ತದೆ. ಗೂಡಿನ ಮುಚ್ಚಳ ಒತ್ತಿದರೆ ಸ್ಟೋಮಾ ಮುಚ್ಚಿಕೊಳ್ಳುವುದರಿಂದ ಮಾತಿಗೂ ಅನುಕೂಲ, ಬೆರಳು ಕತ್ತಿನೊಳಗೆ ಹೋಗುವುದಿಲ್ಲ.

ದೂರು ಬರುವುದು ಮೊದಲ ಎರಡು ಮೂರು ವಾರ. ಕಫ ಕಡಿಮೆಯಾಗುವ ಬದಲು ಹೆಚ್ಚಾಗಿದೆ, ಉಸಿರು ಕಟ್ಟಿದಂತಾಗುತ್ತದೆ ಎಂದು ಕಿತ್ತು ಬಿಸಾಡುವವರು ಬಹಳ. ವಾಸ್ತವವಾಗಿ ಗಟ್ಟಿಯಾಗಿದ್ದ ಕಫ ಕರಗಿ ಮೇಲೆ ಬರುತ್ತಿರುತ್ತದೆ. ಈ ಅವಧಿ ದಾಟಿದರೆ ಕೆಮ್ಮು, ಕಫ ಎರಡೂ ಇಳಿಯುತ್ತವೆ. ಉಸಿರಿಗೆ ಕಷ್ಟವೆನಿಸಿದರೆ ಗಾಳಿಗೆ ಕಡಿಮೆ ತಡೆಯೊಡ್ಡುವ ಎಚ್‌ಎಂಇಯಿಂದ ಶುರುಮಾಡಿ, ಆಮೇಲೆ ಹೆಚ್ಚು ತೇವ ಹಿಡಿಯುವುದಕ್ಕೆ ಹೋಗಬಹುದು. ಪ್ರೊವಾಕ್ಸ್‌ನ ಎಕ್ಸ್‌ಟ್ರಾಫ್ಲೋ ಮತ್ತು ಎಕ್ಸ್‌ಟ್ರಾಮಾಯಿಸ್ಟ್ ಹೀಗೆ ಬಳಸಲೆಂದೇ ಇರುವ ಜೋಡಿ. ಹಗಲು ಹಾಕಿ ರಾತ್ರಿ ತೆಗೆದರೆ ಪೂರ್ತಿ ಪ್ರಯೋಜನ ಸಿಗುವುದಿಲ್ಲ, ಏಕೆಂದರೆ ಎಂಟು ಗಂಟೆ ಒಣಗಿದ ಶ್ವಾಸನಾಳ ಬೆಳಿಗ್ಗೆ ಮತ್ತೆ ಮೊದಲಿಂದ ಶುರುಮಾಡುತ್ತದೆ.

ದಿನಕ್ಕೊಂದಾದರೂ ಬದಲಾಯಿಸಬೇಕು, ಕಫ ಮೆತ್ತಿದರೆ ಆಗಲೇ. ತೊಳೆದು ಒಣಗಿಸಿ ಮತ್ತೆ ಹಾಕುವ ಉಳಿತಾಯ ನಮಗೂ ಅರ್ಥವಾಗುತ್ತದೆ, ಆದರೆ ತೊಳೆದೊಡನೆ ಲವಣ ಹೋಗುತ್ತದೆ. ಉಳಿಯುವುದು ಬ್ಯಾಕ್ಟೀರಿಯಾ ಬೆಳೆಯಲು ಹದವಾದ ಒದ್ದೆ ಸ್ಪಂಜು. ದಿನಕ್ಕೊಂದು ಕೊಳ್ಳಲಾಗದಿದ್ದರೆ ಹಳೆಯದನ್ನು ತೊಳೆಯುವುದಕ್ಕಿಂತ ಫೋಮ್ ಅಥವಾ ಹತ್ತಿ ಬಟ್ಟೆಯ ಕತ್ತಿನ ಹೊದಿಕೆಯನ್ನು ಕಟ್ಟಿಕೊಳ್ಳುವುದು ಒಳ್ಳೆಯದು. ಅದು ಎಚ್‌ಎಂಇಗೆ ಸಮವಲ್ಲ, ಬರಿಯ ರಂಧ್ರಕ್ಕಿಂತ ಎಷ್ಟೋ ವಾಸಿ. ಇನ್ನೊಂದು ತಪ್ಪು ತಿಳಿವಳಿಕೆ: ಸಾಧಾರಣ ಎಚ್‌ಎಂಇ ವೈರಸ್ ತಡೆಯುವುದಿಲ್ಲ, ಅದರ ರಂಧ್ರಗಳು ದೊಡ್ಡವು. ಸ್ಥಾಯೀ ವಿದ್ಯುತ್ತಿನ ಫಿಲ್ಟರ್ ಇರುವ ಬೇರೆ ಮಾದರಿ ಅದಕ್ಕಿದೆ.

ಕತ್ತಿಗೆ ಕೂರಿಸುವ ಬಗೆ

ಎಚ್‌ಎಂಇ ನಿಲ್ಲಲು ಅಂಟುಪ್ಲೇಟ್ ಬೇಕು, ಇಲ್ಲವೇ ಸಿಲಿಕೋನ್ ಟ್ಯೂಬ್ ಅಥವಾ ಬಟನ್. ಅಂಟುಪ್ಲೇಟ್ ಒಂದೇ ದಿನದಲ್ಲಿ ಏಳುತ್ತದೆ ಎಂಬ ದೂರಿಗೆ ಹೆಚ್ಚಾಗಿ ಅಂಟಿಸುವ ಕ್ರಮವೇ ಕಾರಣ. ಚರ್ಮವನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ, ರೋಮವಿದ್ದರೆ ಬೋಳಿಸಿ, ರಕ್ಷಕ ದ್ರವ ಹಚ್ಚಿ ಅದೂ ಒಣಗಲಿ. ಪ್ಲೇಟನ್ನು ಅಂಗೈಗಳ ನಡುವೆ ಒಂದು ನಿಮಿಷ ಬೆಚ್ಚಗೆ ಮಾಡಿ. ಗಲ್ಲ ಕೊಂಚ ಎತ್ತಿ, ಸ್ಟೋಮಾದ ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಅಂಟಿಸುತ್ತ ಸುತ್ತಲೂ ಬೆರಳಿನಿಂದ ನೀವಿ. ಸುಮಾರು ಅರ್ಧ ಗಂಟೆ ಮಾತು ಬೇಡ. ಅಂಟು ಹಿಡಿಯುವ ಮುನ್ನ ಮಾತಾಡಿದರೆ ಗಾಳಿಯ ಒತ್ತಡ ಅದನ್ನು ಒಳಗಿನಿಂದ ಎಬ್ಬಿಸುತ್ತದೆ. ಸ್ಟೋಮಾ ಆಳವಾಗಿದ್ದರೆ ಚಪ್ಪಟೆ ಪ್ಲೇಟ್ ನಿಲ್ಲುವುದಿಲ್ಲ, ಒಳಕ್ಕೆ ಉಬ್ಬಿದ ಮಾದರಿ ಬೇಕು. ತೆಗೆಯುವಾಗ ಎಳೆಯದೆ ಅಂಟು ಬಿಡಿಸುವ ಒರೆಸುಬಟ್ಟೆ ಬಳಸಿ. ಚರ್ಮ ಕೆಂಪಾಗಿದ್ದರೆ ಒಂದೆರಡು ದಿನ ಟ್ಯೂಬಿಗೆ ಬದಲಿಸಿ.

ಸ್ಟೋಮಾ ಕುಗ್ಗುತ್ತಿರುವವರಿಗೆ ಟ್ಯೂಬ್ ಅನಿವಾರ್ಯ. ದಿನವಿಡೀ ಅಲ್ಲದಿದ್ದರೂ ರಾತ್ರಿ ಹಾಕಲೇಬೇಕು. ಬೆಳಿಗ್ಗೆ ಹೋಗುತ್ತಿದ್ದ ಟ್ಯೂಬ್ ಸಂಜೆ ಬಿಗಿಯಾದರೆ ಬಲವಂತ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಬೆರಳಿಲ್ಲದೆ ಮಾತಾಡುವ ವಾಲ್ವ್ ಕೂಡ ಇದೆ: ಜೋರಾಗಿ ಉಸಿರು ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ನೋಡಲು ಅದ್ಭುತ. ಆದರೆ ಅಂಟುಪ್ಲೇಟ್ ಗಟ್ಟಿಯಾಗಿ ನಿಲ್ಲದವರಿಗೆ, ಮಾತಿಗೆ ಹೆಚ್ಚು ಒತ್ತಡ ಬೇಕಾದವರಿಗೆ ದುಡ್ಡು ದಂಡ. ಮಲಗುವಾಗ ಹಾಕಲೇಬಾರದು.

ಎಲೆಕ್ಟ್ರೋಲ್ಯಾರಿಂಕ್ಸ್

ಕೈಯಲ್ಲಿ ಹಿಡಿಯುವ ಬ್ಯಾಟರಿ ಯಂತ್ರ. ಕತ್ತಿಗೋ ಕೆನ್ನೆಗೋ ಒತ್ತಿ ಗುಂಡಿ ಅದುಮಿದರೆ ಅದರ ಕಂಪನ ಬಾಯೊಳಗೆ ಸೇರುತ್ತದೆ. ದನಿ ಯಾಂತ್ರಿಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ವಾರದಿಂದಲೇ ಮಾತು ಕೊಡುವ ಸಾಧನ ಇದೊಂದೇ. ಕತ್ತು ಊದಿರುವಾಗ ಬಾಯೊಳಗಿಡುವ ಕೊಳವೆ ಸೇರಿಸಿ ಬಳಸಬಹುದು. ವಾಲ್ವ್ ಸೋರಿದ ದಿನ, ನೆಗಡಿಯಾದ ದಿನ ಇದೇ ಗತಿ. ವಾಲ್ವ್ ಇದ್ದವರ ಬಳಿಯೂ ಇದೊಂದು ಇರಲಿ ಎಂಬುದು ನಮ್ಮ ಖಚಿತ ಸಲಹೆ.

ಕಲಿಯುವುದರಲ್ಲಿ ಮುಖ್ಯವಾದುದು ಜಾಗ. ಕತ್ತಿನಲ್ಲಿ ಮೆತ್ತಗಿರುವ ಕಡೆ ಯಂತ್ರದ ತಲೆ ಪೂರ್ತಿ ತಾಗುವಂತೆ ಒತ್ತಬೇಕು. ಅಂಚಿನಲ್ಲಿ ಸಂದು ಉಳಿದರೆ ಮಾತಿಗಿಂತ ಝೇಂಕಾರವೇ ಜೋರು. ರೇಡಿಯೇಷನ್‌ನಿಂದ ಕತ್ತು ಗಟ್ಟಿಯಾಗಿದ್ದರೆ ಕೆನ್ನೆ ನೋಡಿ. ಯಂತ್ರದ ನಾದ ನಿಲ್ಲದೆ ಹರಿಯುವುದರಿಂದ ಕ–ಗ, ತ–ದ, ಪ–ಬ ಗಳ ಭೇದ ಮಸುಕಾಗುತ್ತದೆ: 'ಕುರಿ' ಎಂದರೆ 'ಗುರಿ' ಎಂದು ಕೇಳಬಹುದು. ಬಾಯಿಗೆ ಉಸಿರೇ ಬಾರದ ಕಾರಣ 'ಹ' ಹುಟ್ಟುವುದಿಲ್ಲ, 'ಹತ್ತು' 'ಅತ್ತು' ಆಗುತ್ತದೆ. ತುಟಿ, ನಾಲಿಗೆಯನ್ನು ದೊಡ್ಡದಾಗಿ ಆಡಿಸಿ, ಒಂದೊಂದು ಪದಪುಂಜಕ್ಕೆ ಒತ್ತಿ ಬಿಟ್ಟು ಮಾತಾಡಿದರೆ ಬಹುಪಾಲು ಅರ್ಥವಾಗುತ್ತದೆ. ಮಾತಾಡುವಾಗ ಉಸಿರನ್ನು ಜೋರಾಗಿ ಬಿಡಬಾರದು, ಸ್ಟೋಮಾದ ಬುಸ್ ಸದ್ದು ಮಾತನ್ನು ಮುಚ್ಚಿಹಾಕುತ್ತದೆ. ಗುಂಡಿ ಒತ್ತುವ ಬಲಕ್ಕೆ ತಕ್ಕಂತೆ ಸ್ವರ ಏರಿಳಿಯುವ ಟ್ರೂಟೋನ್‌ನಂಥ ಮಾದರಿಗಳು ಹಾಡಿನ ಏರಿಳಿತ ಕೊಡುವುದಿಲ್ಲ, ಪ್ರಶ್ನೆಯನ್ನು ಪ್ರಶ್ನೆಯಂತೆ ಕೇಳಿಸಲು ಸಾಕು. ಎರಡು ಬ್ಯಾಟರಿ ಇರಲಿ, ಒಂದು ಸದಾ ಚಾರ್ಜಿನಲ್ಲಿ.

ಯಾವ ಸಾಧನವೂ ಬೇಡದ ಅನ್ನನಾಳದ ಮಾತು ಇನ್ನೊಂದು. ಗಾಳಿಯನ್ನು ಬಾಯಿಂದ ಅನ್ನನಾಳಕ್ಕೆ ತಳ್ಳಿ ತೇಗಿನಂತೆ ಹೊರಬಿಡುವ ಕಲೆ. ಸಿದ್ಧಿಸಿದರೆ ಜೀವನಪೂರ್ತಿ ಖರ್ಚಿಲ್ಲ, ಆದರೆ ತಿಂಗಳುಗಟ್ಟಲೆ ಅಭ್ಯಾಸ ಬೇಕು, ಹಲವರಿಗೆ ಹಿಡಿಯುವುದೇ ಇಲ್ಲ, ಒಂದು ಉಸುರಿಗೆ ಕೆಲವೇ ಪದ.

ಜೊತೆಯಲ್ಲಿರಬೇಕಾದ ಚೀಲ

ಬ್ರಷ್, ಪ್ಲಗ್, ಎರಡು ಎಚ್‌ಎಂಇ, ಒಂದು ಅಂಟುಪ್ಲೇಟ್, ಸಣ್ಣ ಕನ್ನಡಿ, ಟಾರ್ಚ್, ಸಲೈನ್ ಪೊಟ್ಟಣ, ಸುಮಾರು 14–16 ಫ್ರೆಂಚ್ ಅಳತೆಯ ರಬ್ಬರ್ ಕ್ಯಾಥೆಟರ್ ಅಥವಾ ತೂತಿಗೆಂದೇ ಇರುವ ಡೈಲೇಟರ್. ಕೊನೆಯದು ಏಕೆಂದರೆ, ವಾಲ್ವ್ ಕಳಚಿ ಬಿದ್ದರೆ ತೂತು ಗಂಟೆಗಳಲ್ಲಿ ಕುಗ್ಗತೊಡಗುತ್ತದೆ. ಕೂಡಲೇ ಕ್ಯಾಥೆಟರ್ ತೂರಿಸಿ, ಗಂಟು ಹಾಕಿ, ಕತ್ತಿಗೆ ಟೇಪಿನಿಂದ ಅಂಟಿಸಿ ಆಸ್ಪತ್ರೆಗೆ ಹೋಗಬೇಕು. ಬಿದ್ದ ವಾಲ್ವ್ ಕಣ್ಣಿಗೆ ಬೀಳದಿದ್ದರೆ ನುಂಗಿಹೋಗಿರಬಹುದು ಎಂದು ಸುಮ್ಮನಿರುವಂತಿಲ್ಲ. ಶ್ವಾಸಕೋಶಕ್ಕೆ ಹೋಗಿದೆಯೇ ಎಂದು ಎಕ್ಸ್‌ರೇ ತೆಗೆಸಲೇಬೇಕು, ಕೆಮ್ಮಿಲ್ಲದಿದ್ದರೂ.

ಚೀಲದಲ್ಲಿ ಒಂದು ಕಾರ್ಡೂ ಇರಲಿ: ಇವರು ಕತ್ತಿನಿಂದ ಮಾತ್ರ ಉಸಿರಾಡುತ್ತಾರೆ, ಆಮ್ಲಜನಕವನ್ನು ಕತ್ತಿನ ರಂಧ್ರಕ್ಕೇ ಕೊಡಿ ಎಂದು ದೊಡ್ಡ ಅಕ್ಷರದಲ್ಲಿ. ಆಂಬುಲೆನ್ಸಿನಲ್ಲಿ ಮೂಗಿಗೆ ಮಾಸ್ಕ್ ಹಾಕಿ ಕೂರಿಸಿದರೆ ಒಂದು ಹನಿ ಆಮ್ಲಜನಕವೂ ಒಳಗೆ ಹೋಗುವುದಿಲ್ಲ. ಸ್ಟೋಮಾದ ಮೇಲೆ ಹಿಡಿಯಲು ಮಕ್ಕಳ ಅಳತೆಯ ಮಾಸ್ಕ್ ಸರಿಹೊಂದುತ್ತದೆ. ಎಚ್‌ಎಂಇ ಇದ್ದರೆ ಮೊದಲು ಅದನ್ನು ತೆಗೆಯಬೇಕು, ವಾಲ್ವನ್ನು ಮುಟ್ಟಬೇಕಿಲ್ಲ.